ಗ್ಯಾಸ್ ಎಲ್ಲಿಂದ ಹೋಯಿತು

1987ರಲ್ಲಿ ಮನೆಯ ಫ್ರಿಜ್ ಕೆಟ್ಟರೆ ಯೋಚಿಸಬೇಕಾದ್ದು ಏನೂ ಇರಲಿಲ್ಲ. ರಿಪೇರಿ ಮಾಡಿಸಬೇಕು, ಅಷ್ಟೇ. ಶಿವಮೊಗ್ಗದಲ್ಲಿ ನಾವಿದ್ದ ಬೀದಿಯಲ್ಲಿ ಫ್ರಿಜ್ ಇದ್ದ ಮನೆಗಳೇ ನಾಲ್ಕೋ ಐದೋ. ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ಮೂರು ತಿಂಗಳ ಸಂಬಳಕ್ಕೂ ಹೆಚ್ಚು ದುಡ್ಡು ಹಾಕಿ, ಅದರಲ್ಲಿ ಅರ್ಧವನ್ನು ನೌಕರರ ಸೊಸೈಟಿಯಲ್ಲಿ ಸಾಲ ಎತ್ತಿ, 165 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ ತಂದಿದ್ದರು. ಸರ್ಕಾರದ ಕಣ್ಣಿಗೂ ಅದು ಆಗ ಭೋಗದ ವಸ್ತು. ಅದರ ಮೇಲೆ ಬೀಳುತ್ತಿದ್ದ ಅಬಕಾರಿ ಸುಂಕ ಸಣ್ಣದಾಗಿರಲಿಲ್ಲ. ಸೊಸೈಟಿಯ ಕಂತು ಇನ್ನೂ ಸಂಬಳದಲ್ಲಿ ಮುರಿದುಕೊಳ್ಳುತ್ತಿರುವಾಗ ಫ್ರಿಜ್ ನಿಂತುಹೋದರೆ ಹೊಸದನ್ನು ತರುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಈಗ ಅದೇ ಅಳತೆಯ ಫ್ರಿಜ್ 13ರಿಂದ 16 ಸಾವಿರ ರೂಪಾಯಿಗೆ ಸಿಗುತ್ತದೆ. ಅಪ್ಪನ ಹುದ್ದೆಯಲ್ಲಿ ಇವತ್ತು ಇರುವ ಮೇಷ್ಟ್ರಿಗೆ ಅದು ಒಂದು ತಿಂಗಳ ಸಂಬಳದ ಅರ್ಧವೂ ಆಗುವುದಿಲ್ಲ. ಇತ್ತ ಕಂಪ್ರೆಸರ್ ಬದಲಿಸಿ ಗ್ಯಾಸ್ ತುಂಬಿಸಲು ಹೊರಟರೆ ಹೊಸ ಫ್ರಿಜ್‌ನ ಅರ್ಧ ಬೆಲೆ ಅಲ್ಲೇ ಕರಗುತ್ತದೆ. ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಹುಟ್ಟಿದ್ದೇ ಹೀಗೆ ಬೆಲೆಗಳು ಹತ್ತಿರ ಬಂದ ಮೇಲೆ. ಅದಕ್ಕೆ ಜನ ಒಂದು ಸೂತ್ರವನ್ನೂ ಇಟ್ಟುಕೊಂಡಿದ್ದಾರೆ: ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದನ್ನೇ ತನ್ನಿ. ನನಗೆ ಈ ಸೂತ್ರದ ಮೇಲೆ ನಂಬಿಕೆ ಕಡಿಮೆ. ದುಡ್ಡಿನ ಲೆಕ್ಕ ಎರಡನೆಯದು. ಮೊದಲು ಗೊತ್ತಾಗಬೇಕಾದ್ದು, ಕೆಟ್ಟಿರುವುದು ಗ್ಯಾಸ್ ಸುತ್ತುವ ಕೊಳವೆಯ ಒಳಗೋ ಹೊರಗೋ ಎಂಬುದು. ಒಳಗಾದರೆ, ಆ ಜಾಗ ಕೈಗೆ ಸಿಗುತ್ತದೋ ಇಲ್ಲವೋ ಎಂಬುದು. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಎರಡು ಫ್ರಿಜ್‌ಗಳಿಂದ, ಒಬ್ಬ ಮೆಕ್ಯಾನಿಕ್‌ರಿಂದ, ಆಮೇಲೆ ಅವರ ಮಗನಿಂದ.

ಆ ಮೊದಲ ಫ್ರಿಜ್‌ನ ಬೆನ್ನು ಬಯಲಾಗಿತ್ತು. ಹಿಂದಕ್ಕೆ ಹೋಗಿ ನಿಂತರೆ ಇಡೀ ಯಂತ್ರ ಕಣ್ಣಿಗೆ ಕಾಣುತ್ತಿತ್ತು. ಕೆಳಗೆ ಗುಂಡನೆಯ ಕಪ್ಪು ಕಂಪ್ರೆಸರ್. ಅದರಿಂದ ಹೊರಟು ಬೆನ್ನಿನ ತುಂಬ ಅಂಕುಡೊಂಕಾಗಿ ಓಡುವ ಕೊಳವೆ, ಕೊಳವೆಗೆ ಬೆಸೆದ ತಂತಿಗಳ ಕಪ್ಪು ಜಾಲಿ. ಜಾಲಿಯ ತುದಿಯಲ್ಲಿ ಹೆಬ್ಬೆರಳು ದಪ್ಪದ ತಾಮ್ರದ ಫಿಲ್ಟರ್, ಅಲ್ಲಿಂದ ಮುಂದೆ ಬಲು ಸಣ್ಣ ರಂಧ್ರದ ಕ್ಯಾಪಿಲರಿ. ಕಂಪ್ರೆಸರ್ ಒತ್ತಿ ಕಳಿಸಿದ ಬಿಸಿ ಗ್ಯಾಸ್ ಜಾಲಿಯಲ್ಲಿ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆ ದ್ರವ ಕ್ಯಾಪಿಲರಿಯಲ್ಲಿ ತೂರಿ ಫ್ರೀಜರ್ ಪೆಟ್ಟಿಗೆಯ ಅಗಲ ಹಾದಿಗೆ ಬಿದ್ದಾಗ ಒತ್ತಡ ಇಳಿದು ಕುದಿಯುತ್ತದೆ, ಕುದಿಯಲು ಬೇಕಾದ ಶಾಖವನ್ನು ಒಳಗಿರುವ ಹಾಲು ಮೊಸರಿನಿಂದ ಎಳೆದುಕೊಳ್ಳುತ್ತದೆ. ಮತ್ತೆ ಕಂಪ್ರೆಸರ್‌ಗೆ ವಾಪಸ್ಸು. ಇಂದಿನ ಫ್ರಿಜ್‌ನಲ್ಲೂ ನಡೆಯುವುದು ಇದೇ. ಬೇರೆಯಾಗಿರುವುದು ಆ ಹಾದಿ ಎಲ್ಲಿ ಅಡಗಿದೆ ಎಂಬುದು.

ಮೆಕ್ಯಾನಿಕ್‌ರ ಅಂಗಡಿ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿತ್ತು. ಅಮ್ಮ ಅವರನ್ನು ‘ಸಾಹೇಬ್ರು’ ಎನ್ನುತ್ತಿದ್ದರು, ಅವರು ಅಪ್ಪನನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು. ಸೈಕಲ್ ಕ್ಯಾರಿಯರ್‌ನಲ್ಲಿ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಅದರೊಳಗಿನ ಮುಖ್ಯ ಆಯುಧ ಸೀರೀಸ್ ಲ್ಯಾಂಪ್: ಒಂದು ಹೋಲ್ಡರ್, ಒಂದು ಬಲ್ಬು, ತುದಿ ಕೆತ್ತಿದ ಎರಡು ವೈರು. ಕಂಪ್ರೆಸರ್‌ನ ಮೂರು ಪಿನ್ನುಗಳಿಗೆ ಎರಡೆರಡಾಗಿ ಮುಟ್ಟಿಸಿ ಬಲ್ಬು ಹತ್ತಿದರೆ ಒಳಗಿನ ವೈಂಡಿಂಗ್ ಸರಿಯಿದೆ. ಒಂದು ವೈರನ್ನು ಪಿನ್ನಿಗೂ ಇನ್ನೊಂದನ್ನು ಕಂಪ್ರೆಸರ್‌ನ ಮೈಗೂ ಮುಟ್ಟಿಸಿದಾಗ ಹತ್ತಿದರೆ ವೈಂಡಿಂಗ್ ಸುಟ್ಟು ಬಾಡಿಗೆ ತಗಲಿದೆ. ಮೊದಲ ಪರೀಕ್ಷೆಯಲ್ಲಿ ಹತ್ತಿ ಎರಡನೆಯದರಲ್ಲಿ ಹತ್ತದಿದ್ದರೆ ಸಾಹೇಬ್ರ ಮುಖ ಸಡಿಲವಾಗುತ್ತಿತ್ತು. ಆಗ ಉಳಿದದ್ದು ರಿಲೇ, ಓವರ್‌ಲೋಡ್, ಥರ್ಮೋಸ್ಟಾಟ್. ಮೂರೂ ಹೊರಗಿನವು, ಮೂರೂ ಅಗ್ಗದವು.

ನಮ್ಮ ಮನೆಯಲ್ಲಿ ಹೆಚ್ಚಾಗಿ ಹೋಗುತ್ತಿದ್ದುದು ರಿಲೇ. ಸಂಜೆ ಎಲ್ಲ ಮನೆಗಳ ದೀಪ ಹತ್ತುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತಿತ್ತು, ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತಿತ್ತು. ಕಂಪ್ರೆಸರ್ ಹೊರಡಲು ತಿಣುಕಿ, ಬಿಸಿಯಾಗಿ, ಓವರ್‌ಲೋಡ್ ‘ಟಕ್’ ಎಂದು ಕಡಿದುಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಆ ಸದ್ದು ಕೇಳಿದೊಡನೆ ಅಮ್ಮ ಎದ್ದು ಹೋಗಿ ಸ್ವಿಚ್ ಆರಿಸುತ್ತಿದ್ದರು. ಕೊನೆಗೆ ಅಪ್ಪ ಸ್ಟೆಬಿಲೈಜರ್ ತಂದರು. ಫ್ರಿಜ್‌ನ ಪಕ್ಕ ಅದಕ್ಕೊಂದು ಮಣೆ, ಅದರ ಮೇಲೊಂದು ಬಟ್ಟೆ. ಆಮೇಲೆ ರಿಲೇಯ ಕಾಟ ಬಹುಮಟ್ಟಿಗೆ ನಿಂತಿತು.

ಬಿಡಿಭಾಗಗಳ ವಿಷಯದಲ್ಲಿ ಆ ದಿನಗಳ ಅನುಕೂಲವನ್ನು ಒಪ್ಪಲೇಬೇಕು. 1958ರಲ್ಲಿ ಗೋದ್ರೆಜ್ ನಮ್ಮ ದೇಶದಲ್ಲೇ ಫ್ರಿಜ್ ತಯಾರಿಸಲು ಶುರುಮಾಡಿದ ಮೇಲೆ ಮೂರು ದಶಕ ಕಳೆದಿದ್ದರೂ ಪೇಟೆಯಲ್ಲಿದ್ದ ಹೆಸರುಗಳು ಕೆಲವೇ: ಗೋದ್ರೆಜ್, ಕೆಲ್ವಿನೇಟರ್, ಆಲ್ವಿನ್, ವೋಲ್ಟಾಸ್, ಇನ್ನೊಂದೆರಡು. ಮಾದರಿಗಳು ವರ್ಷವರ್ಷ ಬದಲಾಗುತ್ತಿರಲಿಲ್ಲ. ಒಂದು ಕಂಪನಿಯ ಫ್ರಿಜ್‌ಗೆ ಬರುವ ಥರ್ಮೋಸ್ಟಾಟ್ ಇನ್ನೊಂದಕ್ಕೂ ಕೂರುತ್ತಿತ್ತು. ಸಾಹೇಬ್ರ ಪೆಟ್ಟಿಗೆಯಲ್ಲಿ ಒಂದೆರಡು ರಿಲೇ, ಒಂದು ಥರ್ಮೋಸ್ಟಾಟ್ ಸದಾ ಇರುತ್ತಿದ್ದವು. ಅವು ಯಾರ ಮನೆಗೆ ಎಂದು ಮೊದಲೇ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಗ್ಯಾಸ್ ಹೋದಾಗ ಮಾತ್ರ ಕೆಲಸ ದೊಡ್ಡದು. ನಮ್ಮ ಎದುರುಮನೆಯಲ್ಲಿ ಫ್ರೀಜರ್‌ನ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಲು ಹೋಗಿ ಅಲ್ಯೂಮಿನಿಯಂ ಹಾಳೆಗೆ ತೂತು ಬಿದ್ದಿತ್ತು. ಆ ಪೆಟ್ಟಿಗೆಯ ಗೋಡೆಯೇ ಗ್ಯಾಸ್ ಓಡುವ ಹಾದಿ. ಎರಡು ತೆಳು ಹಾಳೆಗಳನ್ನು ಬೆಸೆದು ನಡುವೆ ಕಾಲುವೆ ಉಬ್ಬಿಸಿ ಮಾಡಿರುತ್ತಾರೆ. ಅವತ್ತು ಸಾಹೇಬ್ರು ಹೇಳಿದ ಮಾತು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ: ‘ಗ್ಯಾಸ್ ತುಂಬೋದು ದೊಡ್ಡ ಕೆಲಸ ಅಲ್ಲಮ್ಮಾ. ಎಲ್ಲಿಂದ ಹೋಯ್ತು ಅಂತ ನೋಡ್ದೆ ತುಂಬಿದ್ರೆ ಮತ್ತೆ ಅಲ್ಲಿಂದ್ಲೇ ಹೋಗತ್ತೆ.’ ಸೋಪಿನ ನೊರೆಯನ್ನು ಪ್ರತಿಯೊಂದು ಬೆಸುಗೆಗೂ ಹಚ್ಚಿ, ಗುಳ್ಳೆ ಏಳುವುದನ್ನು ಕಾಯುತ್ತಿದ್ದರು. ಬೆಸುಗೆಗಳೆಲ್ಲ ಹೊರಗೇ ಇದ್ದುದರಿಂದ ಆ ಪರೀಕ್ಷೆ ಸಾಧ್ಯವಾಗುತ್ತಿತ್ತು. ಹರಿದ ಜಾಗ ಸಿಕ್ಕಿದರೆ ಬೆಸೆದು, ಫಿಲ್ಟರ್ ಬದಲಿಸಿ, ಕೊಳವೆಯೊಳಗಿನ ಗಾಳಿ ತೇವವನ್ನೆಲ್ಲ ಪಂಪಿನಿಂದ ಎಳೆದು, ಆಮೇಲೆ ಗ್ಯಾಸ್. ಗೇಜಿನ ಮುಳ್ಳನ್ನು ಒಮ್ಮೆ ನೋಡಿ, ಬಳಿಕ ಕಂಪ್ರೆಸರ್‌ಗೆ ಹಿಂದಿರುಗುವ ಕೊಳವೆಯನ್ನು ಬೆರಳಲ್ಲಿ ಹಿಡಿದು ತಣ್ಣನೆ ಎಲ್ಲಿವರೆಗೆ ಬಂತು ಎಂದು ತಿಳಿದು ನಿಲ್ಲಿಸುತ್ತಿದ್ದರು. ಆರ್-12 ಎಂಬ ಆ ಗ್ಯಾಸ್ ಹತ್ತಿಕೊಳ್ಳುತ್ತಿರಲಿಲ್ಲ, ವಾಸನೆ ಇರಲಿಲ್ಲ, ಹತ್ತಿಪ್ಪತ್ತು ಗ್ರಾಂ ಹೆಚ್ಚು ಕಡಿಮೆಯಾದರೂ ಫ್ರಿಜ್ ಸಹಿಸಿಕೊಳ್ಳುತ್ತಿತ್ತು.

ಇಷ್ಟನ್ನು ಹೇಳಿದರೆ ಹಳೆಯದೇ ಚೆನ್ನಾಗಿತ್ತು ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನಾನು ಆ ಸಾಲಿನವನಲ್ಲ. ಪ್ರತಿ ರಿಪೇರಿಯ ಆರಂಭದಲ್ಲಿ ಕೊಳವೆ ಕತ್ತರಿಸಿ, ಉಳಿದಿದ್ದ ಗ್ಯಾಸನ್ನು ‘ಸ್ಸ್’ ಎಂದು ಹಿತ್ತಲಿನ ಗಾಳಿಗೆ ಬಿಡುತ್ತಿದ್ದರು. ಕ್ಲೋರಿನ್ ಇರುವ ಇಂಥ ಗ್ಯಾಸ್‌ಗಳು ಮೇಲೆ ಹೋಗಿ ಓಜೋನ್ ಪದರವನ್ನು ತಿನ್ನುತ್ತವೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಬರೆದಿದ್ದರು. 1987ರಲ್ಲಿ, ಅಂದರೆ ನಮ್ಮ ಮನೆಗೆ ಫ್ರಿಜ್ ಬಂದ ವರ್ಷವೇ, ಇವುಗಳನ್ನು ಕಡಿತಗೊಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಭಾರತ ಅದಕ್ಕೆ ಸೇರಿದ್ದು 1992ರಲ್ಲಿ. ದುರ್ಗಿಗುಡಿಗೆ ಈ ಸುದ್ದಿ ಮುಟ್ಟಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಆರ್-12 ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ನಮ್ಮ ಹಿತ್ತಲಲ್ಲಿ ಬಿಟ್ಟದ್ದರಲ್ಲಿ ಬಹುಪಾಲು ಇನ್ನೂ ಮೇಲೆಯೇ ಇದೆ. ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲೂ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಹತ್ತು ಸಾವಿರ ಪಟ್ಟು ಮುಂದೆ.

ಕರೆಂಟಿನ ವಿಷಯವೂ ಹಾಗೆಯೇ. ಒಮ್ಮೆ ಕಂಪ್ರೆಸರ್ ನಿಜವಾಗಿಯೇ ಸುಟ್ಟಿತು. ಹೊಸದಕ್ಕೆ ದುಡ್ಡಿರಲಿಲ್ಲ. ಮುಚ್ಚಿ ಬೆಸೆದ ಆ ಕಬ್ಬಿಣದ ಗುಂಡನ್ನು ಕತ್ತರಿಸಿ, ಮೋಟಾರನ್ನು ರೀವೈಂಡ್ ಮಾಡಿಸಿ, ಎಣ್ಣೆ ಬದಲಿಸಿ ಮತ್ತೆ ಬೆಸೆದು ತಂದರು. ಕೆಲಸವೇನೋ ಮಾಡಿತು. ಆದರೆ ಸದ್ದು ಹೆಚ್ಚಾಯಿತು, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು, ಕರೆಂಟ್ ಬಿಲ್ ಏರಿತು. ಅಪ್ಪ ಬಿಲ್ಲುಗಳನ್ನು ಮೊಳೆಗೆ ಸಿಕ್ಕಿಸಿಡುತ್ತಿದ್ದುದರಿಂದ ಏರಿಕೆ ಕಣ್ಣಿಗೇ ಕಾಣುತ್ತಿತ್ತು. ಬೇರೆ ದಾರಿ ಇರಲಿಲ್ಲವಾದ್ದರಿಂದ ಆ ಫ್ರಿಜ್ ಇಪ್ಪತ್ತು ವರ್ಷ ದಾಟಿತು. ಅದರ ದೀರ್ಘಾಯುಷ್ಯಕ್ಕೆ ಗಟ್ಟಿತನದಷ್ಟೇ ನಮ್ಮ ಕೈ ಬಿಗಿಯೂ ಕಾರಣ.

2009ರಲ್ಲಿ ಅದನ್ನು ಕಳಿಸಿದೆವು. ಅಷ್ಟರಲ್ಲಿ ದೇಶದಲ್ಲಿ ಆರ್-12 ತಯಾರಿಕೆ ನಿಂತಿತ್ತು, 2010ರ ಜನವರಿಯಿಂದ ಬಳಕೆಗೂ ತೆರೆ ಬೀಳುವುದಿತ್ತು. ಪೇಟೆಯಲ್ಲಿ ಉಳಿದಿದ್ದ ಸಿಲಿಂಡರ್‌ಗಳ ಬೆಲೆ ಹೇಳಿದಷ್ಟು. ಬಾಗಿಲಿನ ರಬ್ಬರ್ ಎಲ್ಲಿಯೂ ಸಿಗುತ್ತಿರಲಿಲ್ಲ. ತಳದ ತಗಡು ತುಕ್ಕು ಹಿಡಿದು ಪುಡಿಯಾಗುತ್ತಿತ್ತು. ಅಪ್ಪ ಆಗಲೇ ನಿವೃತ್ತರು. ಗುಜರಿಯವನು ಬಂದು ತೂಕ ಹಾಕಿ ಹೊತ್ತುಕೊಂಡು ಹೋದ. ಅಪ್ಪ ಸ್ಟೆಬಿಲೈಜರ್ ಮಾತ್ರ ಉಳಿಸಿಕೊಂಡರು.

ಅದರ ಜಾಗಕ್ಕೆ ಬಂದದ್ದು ಎರಡು ಬಾಗಿಲಿನ ಫ್ರಾಸ್ಟ್-ಫ್ರೀ. ಇದರ ಬೆನ್ನು ನುಣ್ಣಗಿತ್ತು. ಜಾಲಿ ಎಲ್ಲಿ ಎಂದು ನಾನು ಅಂಗಡಿಯಲ್ಲೇ ಕೇಳಿದೆ. ಬಿಸಿ ಕೊಳವೆ ಈಗ ಪಕ್ಕದ ಗೋಡೆಗಳ ಒಳಗಿದೆ, ತಗಡಿನ ಒಳಮೈಗೆ ಅಂಟಿಸಿ ಮೇಲೆ ಫೋಮ್ ತುಂಬಿದ್ದಾರೆ, ಮುಟ್ಟಿ ನೋಡಿ ಬೆಚ್ಚಗಿರುತ್ತದೆ ಎಂದರು. ಒರೆಸಲು ಸುಲಭ, ಗೋಡೆಗೆ ಇನ್ನಷ್ಟು ಹತ್ತಿರ ಇಡಬಹುದು, ನೋಡಲೂ ಚೆಂದ. ಫೋಮ್ ಹಳೆಯ ಗ್ಲಾಸ್ ವೂಲ್‌ಗಿಂತ ಎಷ್ಟೋ ಚೆನ್ನಾಗಿ ತಣ್ಣನೆಯನ್ನು ಹಿಡಿದಿಡುತ್ತದೆ, ಅದರಿಂದ ಗೋಡೆ ತೆಳ್ಳಗಾಗಿ ಒಳಗಿನ ಜಾಗ ಹೆಚ್ಚುತ್ತದೆ. ಇದೆಲ್ಲ ನಿಜ. ಆದರೆ ಸೋಪಿನ ನೊರೆ ಹಚ್ಚಲು ಬೆನ್ನಿನಲ್ಲಿ ಈಗ ಒಂದೆರಡು ಬೆಸುಗೆ ಮಾತ್ರ ಉಳಿದಿದ್ದವು. ಮಿಕ್ಕ ಕೊಳವೆಯೆಲ್ಲ ಫೋಮಿನಲ್ಲಿ ಹೂತುಹೋಗಿತ್ತು.

ಫ್ರಾಸ್ಟ್-ಫ್ರೀ ಎಂದರೆ ಮಂಜು ಕಟ್ಟುವುದೇ ಇಲ್ಲ ಎಂದು ಅಮ್ಮ ತಿಳಿದಿದ್ದರು. ಕಟ್ಟುತ್ತದೆ, ನಮಗೆ ಕಾಣದ ಕಡೆ. ತಣ್ಣಗಾಗುವ ಕಾಯಿಲ್ ಫ್ರೀಜರ್‌ನ ಹಿಂಬದಿಯ ಹಲಗೆಯ ಆಚೆ ಇರುತ್ತದೆ, ಒಂದು ಫ್ಯಾನ್ ಅಲ್ಲಿಂದ ತಂಗಾಳಿಯನ್ನು ಕೆಳಕ್ಕೂ ಮೇಲಕ್ಕೂ ತಳ್ಳುತ್ತದೆ. ಕೆಲವು ಗಂಟೆಗೊಮ್ಮೆ ಟೈಮರ್ ಕಂಪ್ರೆಸರ್ ನಿಲ್ಲಿಸಿ ಸಣ್ಣ ಹೀಟರ್ ಉರಿಸುತ್ತದೆ, ಕಾಯಿಲ್ ಮೇಲಿನ ಮಂಜು ಕರಗಿ ಹಿಂದಿನ ತಟ್ಟೆಗೆ ಇಳಿದು ಕಂಪ್ರೆಸರ್‌ನ ಬಿಸಿಗೆ ಆರಿಹೋಗುತ್ತದೆ. ಕಾಯಿಲ್ ತಣ್ಣಗಿರುವಾಗ ಮಾತ್ರ ಹೀಟರ್ ಹತ್ತುವಂತೆ, ಮಂಜು ಕರಗಿದ ಮೇಲೆ ಆರುವಂತೆ ನೋಡಿಕೊಳ್ಳುವುದು ಬೈಮೆಟಲ್ ಎಂಬ ಬಟನ್ ಗಾತ್ರದ ಭಾಗ.

ಒಂಬತ್ತು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಮೇಲಿನ ಫ್ರೀಜರ್ ಗಡ್ಡೆ ಕಟ್ಟುತ್ತಿದ್ದರೂ ಕೆಳಗೆ ಇಟ್ಟ ಹಾಲು ಒಡೆಯತೊಡಗಿತು. ಕಂಪನಿಯ ಸರ್ವೀಸಿನವರು ಬಂದು, ಹಿಂದೆ ಮುಂದೆ ಮುಟ್ಟಿ, ಕಂಪ್ರೆಸರ್ ಸೋತಿದೆ ಎಂದರು. ಹೇಳಿದ ಅಂದಾಜು ಹೊಸ ಫ್ರಿಜ್‌ನ ಅರ್ಧವನ್ನು ದಾಟಿತ್ತು. ಅದೇ ಉಸಿರಿನಲ್ಲಿ ಎಕ್ಸ್‌ಚೇಂಜ್ ಆಫರ್‌ನ ಮಾತೂ ಬಂತು. ಜನ ಹೇಳುವ ಸೂತ್ರವನ್ನು ಹಿಡಿದಿದ್ದರೆ ಅವತ್ತೇ ಹೊಸದು ಬರುತ್ತಿತ್ತು.

ಸಾಹೇಬ್ರು ಆ ಹೊತ್ತಿಗೆ ಕೆಲಸ ಬಿಟ್ಟಿದ್ದರು. ಅಂಗಡಿ ಮಗನ ಕೈಯಲ್ಲಿತ್ತು. ಅವರು ಐಟಿಐ ಓದಿದವರು. ಆರ್-12ನಂಥ ಸಿಎಫ್‌ಸಿ ಗ್ಯಾಸ್‌ಗಳ ಬಳಕೆ ನಿಲ್ಲಿಸುವ ಕೇಂದ್ರದ ಯೋಜನೆಯಲ್ಲಿ ಮೆಕ್ಯಾನಿಕ್‌ಗಳಿಗೆ ಹೊಸ ಗ್ಯಾಸ್‌ಗಳ ತರಬೇತಿ ಕೊಟ್ಟಾಗ ಅದನ್ನೂ ಪಡೆದವರು. ಫ್ರಿಜ್‌ಗಿಂತ ಹೆಚ್ಚು ಎಸಿ ಕೆಲಸವೇ ಅವರಿಗೆ. ಬಂದವರು ಕಂಪ್ರೆಸರ್ ಕಡೆ ಹೋಗಲೇ ಇಲ್ಲ. ‘ಫ್ರೀಜರ್‌ನಲ್ಲಿ ಐಸ್ ಆಗ್ತಿದೆ ಅಂದ್ರೆ ಕಂಪ್ರೆಸರ್ ಚೆನ್ನಾಗಿದೆ ಅಂತ, ಗ್ಯಾಸೂ ಇದೆ ಅಂತ’ ಎಂದು ಒಳಗಿನ ಹಲಗೆ ಬಿಚ್ಚಿದರು. ಕಾಯಿಲ್ ಪೂರಾ ಬಿಳಿ ಗಡ್ಡೆಯಾಗಿ ಫ್ಯಾನಿನ ಹಾದಿ ಮುಚ್ಚಿಹೋಗಿತ್ತು. ಬೈಮೆಟಲ್ ಸತ್ತಿದ್ದರಿಂದ ಹೀಟರ್ ಹತ್ತುತ್ತಿರಲಿಲ್ಲ. ಭಾಗ, ಕೂಲಿ ಎಲ್ಲ ಸೇರಿ ಸಾವಿರದ ಒಳಗೇ ಮುಗಿಯಿತು. ಆ ರಿಪೇರಿಯ ಮೇಲೆ ಫ್ರಿಜ್ ಮತ್ತೆ ಐದು ವರ್ಷಕ್ಕೂ ಹೆಚ್ಚು ನಡೆಯಿತು.

ಸರ್ವೀಸಿನವರು ಬೇಕೆಂದೇ ಮೋಸ ಮಾಡಿದರು ಎಂದು ನಾನು ಹೇಳಲಾರೆ. ದಿನಕ್ಕೆ ಇಂತಿಷ್ಟು ಮನೆ ಮುಗಿಸಬೇಕಾದ ಹುಡುಗರು ಹಲಗೆ ಬಿಚ್ಚಿ, ಗಡ್ಡೆ ಕರಗುವವರೆಗೆ ಕೂರುವುದಿಲ್ಲ. ಆದರೆ ಮನೆಯವರು ಕೇಳಬೇಕಾದ ಪ್ರಶ್ನೆ ಮಾತ್ರ ಸುಲಭದ್ದು: ಕಂಪ್ರೆಸರ್ ಓಡುತ್ತಿದೆಯೇ, ಎಲ್ಲಾದರೂ ಒಂದು ಕಡೆ ಚೆನ್ನಾಗಿ ತಣ್ಣಗಾಗುತ್ತಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ತೊಂದರೆ ಬಹುತೇಕ ಹೊರಗಿನದು. ಫ್ಯಾನ್, ಹೀಟರ್, ಬೈಮೆಟಲ್, ಟೈಮರ್, ಥರ್ಮೋಸ್ಟಾಟ್, ಬಾಗಿಲಿನ ರಬ್ಬರ್. ಇವುಗಳಲ್ಲಿ ಯಾವುದಕ್ಕೂ ಫ್ರಿಜ್ ಬದಲಿಸುವ ಅಗತ್ಯವಿಲ್ಲ, ವಯಸ್ಸು ಎಷ್ಟೇ ಆಗಿದ್ದರೂ.

ಈ ನಡುವೆ ಫ್ರಿಜ್‌ನೊಳಗಿನ ಸಾಮಾನೇ ಬದಲಾಗಿತ್ತು. 1987ರಲ್ಲಿ ಅದರಲ್ಲಿದ್ದುದು ಹಾಲು, ಬೆಣ್ಣೆ, ಒಂದಿಷ್ಟು ಸೊಪ್ಪು, ಬೇಸಿಗೆಯಲ್ಲಿ ಮಕ್ಕಳಿಗೆ ಐಸು. ಅಜ್ಜಿ ಅದರಲ್ಲಿಟ್ಟ ಅನ್ನವನ್ನು ಮುಟ್ಟುತ್ತಿರಲಿಲ್ಲ. ಫ್ರಿಜ್ ಒಂದು ವಾರ ನಿಂತರೂ ಹಾಲನ್ನು ಎರಡು ಸಲ ಕಾಯಿಸಿಕೊಂಡು ದಿನ ಕಳೆಯುತ್ತಿತ್ತು. ಈಗ ದೋಸೆ ಹಿಟ್ಟು ಮೂರು ನಾಲ್ಕು ದಿನಕ್ಕಾಗುವಷ್ಟು ರುಬ್ಬಿಡುತ್ತೇವೆ, ತುರಿದ ಕಾಯಿ ಡಬ್ಬಿಯಲ್ಲಿರುತ್ತದೆ, ಸಾರಿನ ಪುಡಿಗೂ ಅಲ್ಲೇ ಜಾಗ. ಎಲ್ಲಕ್ಕಿಂತ ಮುಖ್ಯವಾಗಿ ಅಮ್ಮನ ಇನ್ಸುಲಿನ್. ತೆರೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು. ಬಿಸಿಯಾದರೆ ಅದರ ಗುಣ ಕುಂದುತ್ತದೆ, ಹೆಪ್ಪುಗಟ್ಟಿದರೆ ಬಳಸುವಂತೆಯೇ ಇಲ್ಲ. ಹಾಲು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ, ಇನ್ಸುಲಿನ್ ಕೆಟ್ಟದ್ದು ಎಷ್ಟೋ ಸಲ ಸಕ್ಕರೆ ಏರಿದ ಮೇಲೆಯೇ ಗೊತ್ತಾಗುತ್ತದೆ. ಆದ್ದರಿಂದ ಒಂದು ಸಣ್ಣ ಥರ್ಮಾಮೀಟರ್ ತಂದು ನಡುವಿನ ತಟ್ಟೆಯಲ್ಲಿ ಇಟ್ಟಿದ್ದೆ.

2024ರ ಏಪ್ರಿಲ್‌ನಲ್ಲಿ ಆ ಥರ್ಮಾಮೀಟರ್ 11 ತೋರಿಸಿತು. ಅಂದಿನ ಸೆಕೆ ಎಂಥದೆಂದು ಶಿವಮೊಗ್ಗದವರಿಗೆ ಹೇಳಬೇಕಿಲ್ಲ. ಮೊದಲು ನಾನು ಮಾಡಬಹುದಾದ್ದನ್ನು ಮಾಡಿದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ರಬ್ಬರ್‌ನ ಬಿಗಿ ನೋಡಿದೆ, ಕಂಪ್ರೆಸರ್ ಗೂಡಿನ ಧೂಳು ತೆಗೆದೆ, ಫ್ರಿಜ್ಜನ್ನು ಗೋಡೆಯಿಂದ ಗೇಣು ದೂರ ಎಳೆದೆ. ಯಾವುದರಿಂದಲೂ ಬದಲಾವಣೆ ಕಾಣಲಿಲ್ಲ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು, ಪಕ್ಕದ ಗೋಡೆ ಮಾತ್ರ ಬೆಚ್ಚಗಾಗುತ್ತಿರಲಿಲ್ಲ. ಗ್ಯಾಸ್ ಇಲ್ಲದೆ ಸುಮ್ಮನೆ ಸುತ್ತುತ್ತಿರುವ ಲಕ್ಷಣ ಅದು. ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್‌ಗೆ ಹೋಯಿತು.

ಮಗ ಮೆಕ್ಯಾನಿಕ್ ನೈಟ್ರೋಜನ್ ಸಿಲಿಂಡರ್ ತಂದು ಕೊಳವೆಗಳನ್ನು ಬೇರೆಬೇರೆ ಮಾಡಿ ಒತ್ತಡ ತುಂಬಿ ಬಿಟ್ಟುಹೋದರು. ಮರುದಿನ ನೋಡಿದಾಗ ಕಾಯಿಲ್ ಕಡೆಯ ಮುಳ್ಳು ಇದ್ದಲ್ಲೇ ಇತ್ತು. ಬಿಸಿ ಕೊಳವೆಯ ಕಡೆಯದು ಇಳಿದಿತ್ತು. ಅಂದರೆ ತೂತು ಇರುವುದು ಗೋಡೆಯೊಳಗೆ, ಫೋಮಿನ ನಡುವೆ, ಎಲ್ಲೋ. ಫ್ರೀಜರ್‌ನ ಬಾಗಿಲ ಚೌಕಟ್ಟಿನಲ್ಲಿ ಬೆವರು ಕಟ್ಟದಿರಲೆಂದು ಅದೇ ಬಿಸಿ ಕೊಳವೆಯನ್ನು ಸುತ್ತ ಓಡಿಸಿರುತ್ತಾರೆ. ಆ ಚೌಕಟ್ಟಿನಲ್ಲಿ ಮೊದಲು ತುಕ್ಕು ಹಿಡಿಯುವುದು ಅವರು ಕಂಡ ಸಾಮಾನ್ಯ ಸಂಗತಿಯಂತೆ.

ಅವರು ಒಂದು ದಾರಿ ಹೇಳಿದರು. ಗೋಡೆಯೊಳಗಿನ ಕೊಳವೆಯನ್ನು ಹಾಗೆಯೇ ಬಿಟ್ಟು, ಬೆನ್ನಿಗೆ ಹಳೆಯ ಥರದ ಜಾಲಿ ತಂದು ಕೂರಿಸಿ, ಅದಕ್ಕೇ ಹಾದಿ ಜೋಡಿಸುವುದು. ಜಾಲಿ, ಫಿಲ್ಟರ್, ಗ್ಯಾಸ್, ಕೂಲಿ ಸೇರಿ ಐದೂವರೆ ಸಾವಿರ. ‘ಮಾಡ್ಕೊಡ್ತೀನಿ ಸಾರ್, ಓಡತ್ತೆ. ಆದ್ರೆ ಬಾಗಿಲ ಅಂಚಲ್ಲಿ ನೀರು ಬರತ್ತೆ. ಕಂಪ್ರೆಸರ್‌ಗೂ ಹದಿನೈದು ವರ್ಷ ಆಯ್ತು. ಅದಕ್ಕೆ ನಾನು ಗ್ಯಾರಂಟಿ ಕೊಡಲ್ಲ.’ ಇಷ್ಟು ಬಿಡಿಸಿ ಹೇಳುವ ಮೆಕ್ಯಾನಿಕ್ ಸಿಗುವುದು ದೊಡ್ಡ ಭಾಗ್ಯ. ಅಮ್ಮನಿಗೆ ಮಾಡಿಸುವ ಮನಸ್ಸಿತ್ತು. ‘ಇಷ್ಟು ದಿನ ಬಂದಿದೆ, ಇನ್ನೊಂದೆರಡು ವರ್ಷ ಬರ್ಲಿ ಬಿಡು’ ಎಂದರು.

ಖರ್ಚು ಹೊಸದರ ಅರ್ಧಕ್ಕಿಂತ ಕಡಿಮೆಯೇ. ಆದರೂ ನಾನು ಬೇಡ ಎಂದೆ. ಐದೂವರೆ ಸಾವಿರ ಕೊಟ್ಟು ಕೊಂಡುಕೊಳ್ಳುತ್ತಿದ್ದುದು ಇನ್ನೊಂದು ಬೇಸಿಗೆಯನ್ನು ಮಾತ್ರ, ಅದೂ ಖಾತ್ರಿಯಿಲ್ಲದೆ. ಹೋದ ಕಡೆಗೆ ಕೈ ಹೋಗುವುದಿಲ್ಲ, ಉಳಿದ ಕೊಳವೆಯೂ ಅದೇ ವಯಸ್ಸಿನದು. ಅದು ಮತ್ತೆ ಕೈಕೊಡುವುದು ಯಾವುದೋ ರಾತ್ರಿ, ಒಳಗೆ ಒಂದು ತಿಂಗಳ ಇನ್ಸುಲಿನ್ ಇರುವಾಗ. ಹಾಲು ಮಾತ್ರ ಇಡುವ ಮನೆಯಾಗಿದ್ದರೆ ನಾನೂ ಜಾಲಿ ಹಾಕಿಸುತ್ತಿದ್ದೆ.

ಕರೆಂಟಿನ ಲೆಕ್ಕವನ್ನೂ ಹಾಕಿದ್ದೆವು. ಹಳೆಯ ದೊಡ್ಡ ಫ್ರಿಜ್ ಮತ್ತು ಹೊಸದಾಗಿ ತರುವ ಸಣ್ಣ ಫ್ರಿಜ್ ನಡುವೆ ದಿನಕ್ಕೆ ಒಂದು ಯೂನಿಟ್ ಉಳಿದರೆ ವರ್ಷಕ್ಕೆ 365 ಯೂನಿಟ್, ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 2,200. ಅಂಗಡಿಯವರು ಹೇಳುವುದು ಇಷ್ಟಕ್ಕೇ ನಿಲ್ಲುತ್ತದೆ. 2023ರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಹೀಗೆ ನಡೆಯುವುದಿಲ್ಲ. ಮನೆಗೆ ಗೊತ್ತುಮಾಡಿದ ಮಿತಿಯೊಳಗೆ ಇದ್ದರೆ ಬಿಲ್ಲೇ ಸೊನ್ನೆ, ಉಳಿತಾಯ ನಮ್ಮ ಜೇಬಿಗೆ ಬರುವುದಿಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಂಟೆಗಟ್ಟಲೆ ನಿಲ್ಲದೆ ಓಡುವ ರೋಗಿಷ್ಟ ಫ್ರಿಜ್ ಒಂದು ಮನೆಯನ್ನು ಆ ಗೆರೆಯ ಆಚೆ ತಳ್ಳಬಲ್ಲದು. ಆದ್ದರಿಂದ ‘ಹೊಸದು ತಂದರೆ ಇಷ್ಟು ವರ್ಷಕ್ಕೆ ದುಡ್ಡು ಹುಟ್ಟುತ್ತದೆ’ ಎಂಬ ಮಾತನ್ನು ನಿಮ್ಮ ಮೀಟರ್ ನೋಡದೆ ನಂಬಬೇಡಿ. ಹಾಗೆಯೇ ಹಳೆಯ ಫ್ರಿಜ್ ಮೇಲೆ ಕರೆಂಟ್ ಉಳಿತಾಯಕ್ಕೆಂದು ಅಂಟಿಸಿದ ಐದು ನಕ್ಷತ್ರದ ಚೀಟಿಯನ್ನೂ. ನಕ್ಷತ್ರದ ಅಳತೆಗೋಲನ್ನು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಆಗಾಗ ಬಿಗಿ ಮಾಡುತ್ತಲೇ ಬಂದಿದೆ. ಹದಿನೈದು ವರ್ಷದ ಹಿಂದೆ ಅಂಟಿಸಿದ ಐದು, ಇಂದಿನ ಲೆಕ್ಕದಲ್ಲಿ ಐದಲ್ಲ.

ಅಂಗಡಿಯಲ್ಲಿ ನಾನು ಬಣ್ಣ, ಬಾಗಿಲು ನೋಡಲಿಲ್ಲ. ಬೆನ್ನಿನ ಫಲಕ ಓದಿದೆ. ಈಗ ಬರುವ ಗ್ಯಾಸ್ ಹೆಚ್ಚಾಗಿ ಆರ್-600ಎ, ಅಂದರೆ ಐಸೋಬ್ಯುಟೇನ್. ಓಜೋನ್‌ಗೆ ತೊಂದರೆಯಿಲ್ಲ. ನಮ್ಮ 2009ರ ಫ್ರಿಜ್‌ನಲ್ಲಿದ್ದ ಆರ್-134ಎ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲದ್ದು, ಇದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬೆಂಕಿ ಹತ್ತುವ ಗ್ಯಾಸ್. ಇಡೀ ಫ್ರಿಜ್‌ಗೆ ಐವತ್ತು ಗ್ರಾಂ ಆಸುಪಾಸು ಸಾಕು, ಅದನ್ನು ಬೆರಳಲ್ಲಿ ಮುಟ್ಟಿ ಅಂದಾಜು ಮಾಡಲಾಗದು, ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ತಣ್ಣನೆ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ ಅಲ್ಲಿ ತೂತು ಬಿದ್ದರೆ ಗ್ಯಾಸ್ ಹೊರಗೆ ಹೋಗುವ ಬದಲು ಗಾಳಿ, ತೇವ ಒಳಗೆ ಸೇರುತ್ತವೆ. ಇಂಥ ಫ್ರಿಜ್‌ಗೆ ಕೈಗೆ ಸಿಕ್ಕ ಆರ್-134ಎ ತುಂಬಿಸುವವರಿದ್ದಾರೆ. ಆ ಗ್ಯಾಸ್ ಈ ಕಂಪ್ರೆಸರ್‌ನ ಎಣ್ಣೆಯೊಂದಿಗೆ ಬೆರೆಯುವುದಿಲ್ಲ, ಕಂಪ್ರೆಸರ್ ಉಳಿಯುವುದಿಲ್ಲ. ಮೆಕ್ಯಾನಿಕ್ ಬಳಿ ತಕ್ಕಡಿ ಇದೆಯೇ ಎಂದು ಕೇಳುವುದು ಈಗ ತಪ್ಪಿಸಬಾರದ ಮಾತು.

ಹತ್ತು ವರ್ಷದ ವಾರಂಟಿಯ ಬಗ್ಗೆಯೂ ಕೇಳಿದೆ. ಹತ್ತು ವರ್ಷ ಕಂಪ್ರೆಸರ್‌ಗೆ ಮಾತ್ರ, ಮಿಕ್ಕದ್ದಕ್ಕೆ ಒಂದೇ ವರ್ಷ. ಇನ್ವರ್ಟರ್ ಮಾದರಿಯಲ್ಲಿ ಕಂಪ್ರೆಸರ್ ಓಡಿಸುವ ಬೋರ್ಡ್ ಸುಟ್ಟರೆ? ಅದರ ಬೆಲೆ ಎಷ್ಟು, ಎಂಟು ವರ್ಷದ ಬಳಿಕ ಸಿಗುತ್ತದೆಯೇ? ಅಂಗಡಿಯವರಿಗೆ ಉತ್ತರ ಗೊತ್ತಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದಿದೆ. ಕಂಪನಿಗಳು ಬಿಡಿಭಾಗ, ವಾರಂಟಿ, ದುರಸ್ತಿಯ ಮಾಹಿತಿ ಒಂದೆಡೆ ಕೊಡಲಿ ಎಂಬ ಉದ್ದೇಶ ಒಳ್ಳೆಯದು. ಬೆಲೆಯ ಚೀಟಿಯ ಪಕ್ಕದಲ್ಲೇ ಆ ಬೋರ್ಡ್‌ನ ಬೆಲೆಯನ್ನೂ ಬರೆಯಬೇಕೆಂಬ ಕಾನೂನು ಬರುವವರೆಗೆ ಕೊಳ್ಳುವವನಿಗೆ ಅದರಿಂದ ಆಗುವ ಪ್ರಯೋಜನ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ತಂದದ್ದು ಒಂಟಿ ಬಾಗಿಲಿನ, ಫ್ಯಾನ್ ಹೀಟರ್ ಟೈಮರ್ ಯಾವುದೂ ಇಲ್ಲದ, ಗುಂಡಿ ಒತ್ತಿ ಮಂಜು ಕರಗಿಸುವ ಸಣ್ಣ ಫ್ರಿಜ್. ಮನೆಯಲ್ಲಿ ಈಗ ಇರುವವರಿಗೆ ಅಷ್ಟು ಸಾಕು. ಕಡಿಮೆ ಭಾಗಗಳಿದ್ದರೆ ಕಡಿಮೆ ಕಡೆ ಕೆಡುತ್ತದೆ ಎಂಬುದು ನನ್ನ ಕಾರಣ. ಅಮ್ಮ ಒಪ್ಪಿದ್ದು ಬೇರೆ ಕಾರಣಕ್ಕೆ. ಅದರ ತಳದಲ್ಲಿ ಈರುಳ್ಳಿ ಇಡುವ ಡ್ರಾಯರ್ ಇರುವುದರಿಂದ ತರಕಾರಿಯ ತಟ್ಟೆ ಮೇಲೆ ಬಂದಿದೆ, ಅವರು ಸೊಂಟ ಬಗ್ಗಿಸಬೇಕಿಲ್ಲ.

ಹಳೆಯದಕ್ಕೆ ಅಂಗಡಿಯವರು ಎಕ್ಸ್‌ಚೇಂಜ್ ಎಂದು ಸಾವಿರದ ಐನೂರು ಕಡಿಮೆ ಮಾಡುತ್ತೇವೆ ಎಂದರು. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳ ಪ್ರಕಾರ ಫ್ರಿಜ್ ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಬೇಕು. ದಾರಿಯಲ್ಲಿ ತಾಮ್ರಕ್ಕಾಗಿ ಅದನ್ನು ಒಡೆದು ಫೋಮನ್ನು ಸುಡುವವರ ಕೈಗೆ ಸಿಗಬಾರದು ಎಂದು ನಾನು ಎಕ್ಸ್‌ಚೇಂಜ್ ಬಿಟ್ಟೆ. ನೋಂದಣಿ ಇರುವವರ ಗಾಡಿ ಬರುವ ಮೊದಲು ಮಗ ಮೆಕ್ಯಾನಿಕ್ ಒಮ್ಮೆ ಬಂದು ಫ್ಯಾನ್, ಹೀಟರ್, ಬಾಗಿಲಿನ ರಬ್ಬರ್, ಟೈಮರ್ ಬಿಚ್ಚಿಕೊಂಡರು. ವಿನೋಬನಗರದ ಒಂದು ಮನೆಯಲ್ಲಿ ಇದೇ ಮಾದರಿಯ ಫ್ರಿಜ್ ಇದೆಯಂತೆ, ಅದರ ಟೈಮರ್ ಹೋಗಿದೆ, ಕಂಪನಿಯಲ್ಲಿ ಈಗ ಆ ಭಾಗ ಬರುತ್ತಿಲ್ಲ. ಆ ಮನೆಯ ಫ್ರಿಜ್‌ನ ಗ್ಯಾಸ್ ನೋಡಿದಿರಾ ಎಂದು ಕೇಳಿದೆ. ‘ನೋಡ್ದೆ ಸಾರ್, ಪೂರ್ತಿ ಇದೆ’ ಎಂದು ಟೈಮರನ್ನು ಪೆಟ್ಟಿಗೆಗೆ ಹಾಕಿಕೊಂಡರು.